ಅಂಡಮಾನ್‌ನಲ್ಲಿ ಸ್ಕೂಬಾ ಡೈವಿಂಗ್: ಎಲ್ಲಿ, ಯಾವಾಗ, ಯಾವ ಕ್ರಮದಲ್ಲಿ

ಬೆಂಗಳೂರಿನಿಂದ ನೇರ ವಿಮಾನ ಹತ್ತಿದರೆ ಮೂರು ಗಂಟೆಯೊಳಗೆ ಅಂಡಮಾನ್ ತಲುಪುತ್ತೀರಿ. ಹಾಗಾಗಿ ಈಗ ನಮ್ಮ ಕಡೆಯಿಂದ ಅಲ್ಲಿಗೆ ಹೋಗುವವರು ಜಾಸ್ತಿ. ಆದರೆ ಹೆಚ್ಚಿನವರ ಪ್ರವಾಸ ಒಂದೇ ಥರ ಇರುತ್ತದೆ. ಸೆಲ್ಯುಲಾರ್ ಜೈಲು, ರಾಧಾನಗರ ಬೀಚ್, ಶಾಪಿಂಗ್. ಕೊನೆಗೆ ಸಮಯ ಉಳಿದರೆ ಇಪ್ಪತ್ತು ನಿಮಿಷದ ಒಂದು ಸ್ಕೂಬಾ, ಎರಡು ಫೋಟೋ.

ಈ ಕ್ರಮವನ್ನು ತಿರುಗಿಸಿ ಹಾಕಬೇಕು ಅನ್ನುವುದೇ ನಾನು ಹೇಳಲು ಹೊರಟಿರುವ ಮುಖ್ಯ ಮಾತು. ಡೈವಿಂಗ್ ಮೊದಲು, ಊರು ನೋಡುವುದು ಕೊನೆಗೆ. ಜಾಗ ಆರಿಸುವಾಗಲೂ ಅಷ್ಟೇ. ಯಾವ ಜಾಗಕ್ಕೆ ಹೆಸರಿದೆ ಅಂತ ನೋಡಬೇಡಿ, ನಿಮಗೆ ಎಷ್ಟು ಬರುತ್ತದೆ ಅಂತ ನೋಡಿ. ಈ ಎರಡು ಸರಿಯಾದರೆ ಉಳಿದದ್ದೆಲ್ಲ ಸುಲಭ.

ಮೊದಲು ನಕ್ಷೆ ನೋಡಿಕೊಳ್ಳಿ

ಅಂಡಮಾನ್ ಮತ್ತು ನಿಕೋಬಾರ್ ಅಂದರೆ ಎಂಟುನೂರಕ್ಕೂ ಹೆಚ್ಚು ದ್ವೀಪ, ದಿಬ್ಬ, ಬಂಡೆಗಳ ಸಾಲು. ಜನ ಇರುವುದು ಮೂವತ್ತು ಚಿಲ್ಲರೆ ದ್ವೀಪಗಳಲ್ಲಿ ಮಾತ್ರ. ನಿಕೋಬಾರ್ ಪ್ರವಾಸಿಗಳಿಗೆ ಇಲ್ಲ. ಜಾರವಾ, ಸೆಂಟಿನೆಲ್ ಬುಡಕಟ್ಟು ಜನರ ಪ್ರದೇಶಗಳಿಗೆ ಅನುಮತಿಯಿಲ್ಲದೆ ಹೋಗುವುದು ಅಪರಾಧ. ಡೈವಿಂಗ್ ನಡೆಯುವುದು ದಕ್ಷಿಣ ಅಂಡಮಾನ್ ಮತ್ತು ಅದರ ಪೂರ್ವಕ್ಕಿರುವ ರಿಚೀಸ್ ದ್ವೀಪಸಮೂಹದ ಸುತ್ತಮುತ್ತ.

ಹೆಸರುಗಳು ಬದಲಾಗಿವೆ, ಟಿಕೆಟ್ ಬುಕ್ ಮಾಡುವಾಗ ಗೊಂದಲ ಆಗಬಹುದು. ಹ್ಯಾವ್‌ಲಾಕ್ 2018ರ ಕೊನೆಯಿಂದ ಸ್ವರಾಜ್ ದ್ವೀಪ್. ನೀಲ್ ದ್ವೀಪ ಈಗ ಶಹೀದ್ ದ್ವೀಪ್. ಪೋರ್ಟ್ ಬ್ಲೇರ್ 2024ರಲ್ಲಿ ಶ್ರೀ ವಿಜಯ ಪುರಂ ಆಯಿತು. ದೋಣಿಯವರು, ಆಟೋದವರು, ಡೈವಿಂಗ್ ಕಲಿಸಿ ಕರೆದೊಯ್ಯುವ ಡೈವ್ ಶಾಪ್‌ನವರು ಇನ್ನೂ ಹಳೆಯ ಹೆಸರನ್ನೇ ಹೇಳುತ್ತಾರೆ. ನಾನೂ ಇಲ್ಲಿ ಅದನ್ನೇ ಬಳಸುತ್ತೇನೆ.

ಡೈವ್ ಶಾಪ್‌ಗಳು ಹೆಚ್ಚಾಗಿ ಇರುವುದು ಹ್ಯಾವ್‌ಲಾಕ್‌ನಲ್ಲಿ. ಪೋರ್ಟ್ ಬ್ಲೇರ್‌ನಿಂದ ಸುಮಾರು 40 ಕಿ.ಮೀ. ದೂರ. ಖಾಸಗಿ ಫೆರ್ರಿಯಲ್ಲಿ ಒಂದೂವರೆ ಗಂಟೆ, ಸರ್ಕಾರಿ ಫೆರ್ರಿಯಲ್ಲಿ ಇನ್ನೂ ಸ್ವಲ್ಪ ಜಾಸ್ತಿ. ನೀಲ್ ಚಿಕ್ಕದು, ಶಾಂತ, ಅಲ್ಲಿ ಶಾಪ್‌ಗಳು ಕಡಿಮೆ. ಮೂರನೆಯದು ಪೋರ್ಟ್ ಬ್ಲೇರ್‌ಗೆ ದಕ್ಷಿಣದಲ್ಲಿರುವ ಚಿಡಿಯಾ ಟಾಪು. ಮೊದಲ ಸಲ ಹೋಗುವವರು ಯೋಚನೆಯೇ ಮಾಡದೆ ಹ್ಯಾವ್‌ಲಾಕ್‌ಗೆ ಹೋಗಿ.

ತಿಂಗಳು ಆರಿಸುವುದು

ಅಕ್ಟೋಬರ್ ಮಧ್ಯದಿಂದ ಮೇ ಮೊದಲ ವಾರಗಳವರೆಗೆ ಸೀಸನ್. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೈಋತ್ಯ ಮುಂಗಾರು. ಸಮುದ್ರ ಏಳುತ್ತದೆ, ಫೆರ್ರಿ ರದ್ದಾಗುತ್ತದೆ, ಹಲವು ಶಾಪ್‌ಗಳು ಬಾಗಿಲು ಹಾಕುತ್ತವೆ.

ಸೀಸನ್ ಒಳಗೂ ವ್ಯತ್ಯಾಸ ಇದೆ. ಕ್ರಿಸ್‌ಮಸ್ ರಜೆಯಲ್ಲಿ ಜನಜಂಗುಳಿ, ರೇಟು ಏರಿರುತ್ತದೆ, ಫೆರ್ರಿ ಟಿಕೆಟ್ ಸಿಗುವುದಿಲ್ಲ, ಗಾಳಿಯೂ ಕಾಟ ಕೊಡುತ್ತದೆ. ನನ್ನ ಆಯ್ಕೆ ಫೆಬ್ರವರಿ, ಮಾರ್ಚ್. ಆಗ ಸಮುದ್ರ ಸಮತಟ್ಟಾಗಿರುತ್ತದೆ, ನೀರು ತಿಳಿಯಾಗಿರುತ್ತದೆ. ಒಳ್ಳೆಯ ದಿನ ಇಪ್ಪತ್ತು ಮೀಟರ್ ದೂರದ ಮೀನು ಸ್ಪಷ್ಟವಾಗಿ ಕಾಣುತ್ತದೆ. ನೀರಿನ ತಾಪಮಾನ ವರ್ಷವಿಡೀ 27ರಿಂದ 30 ಡಿಗ್ರಿ. ಚಳಿ ಅನ್ನುವ ಭಯ ಬೇಡ. ಮೂರು ಮಿಲಿಮೀಟರ್ ದಪ್ಪದ ವೆಟ್‌ಸೂಟ್ ಶಾಪ್‌ನಲ್ಲೇ ಕೊಡುತ್ತಾರೆ, ಅದು ಸಾಕು.

ಟ್ರೈ ಡೈವೋ, ಕೋರ್ಸೋ?

ಎಲ್ಲಕ್ಕಿಂತ ದೊಡ್ಡ ನಿರ್ಧಾರ ಇದು. ಸ್ವಲ್ಪ ನಿಂತು ಯೋಚಿಸಿ.

ಟ್ರೈ ಡೈವ್‌ಗೆ ಈಜು ಬರಬೇಕಿಲ್ಲ. ಬೆಳಿಗ್ಗೆ ಅರ್ಧ ಗಂಟೆ ವಿವರಿಸುತ್ತಾರೆ. ಸೊಂಟದ ಮಟ್ಟದ ನೀರಿನಲ್ಲಿ ಉಸಿರಾಡುವುದು, ಮಾಸ್ಕ್ ಒಳಗೆ ಬಂದ ನೀರು ತೆಗೆಯುವುದು ಅಭ್ಯಾಸ ಮಾಡಿಸುತ್ತಾರೆ. ಆಮೇಲೆ ಇನ್‌ಸ್ಟ್ರಕ್ಟರ್ ನಿಮ್ಮನ್ನು ಹಿಂದಿನಿಂದ ಹಿಡಿದುಕೊಂಡೇ ಕರೆದೊಯ್ಯುತ್ತಾರೆ. ಗರಿಷ್ಠ 12 ಮೀಟರ್ ಆಳ. ಗಾಳಿ, ಆಳ, ದಿಕ್ಕು ಎಲ್ಲವೂ ಅವರ ಕೈಯಲ್ಲಿ. ಅಪ್ಪ ಅಮ್ಮನ ಜೊತೆ ಹೋಗುತ್ತಿದ್ದೀರಾ, ಒಂದೇ ದಿನ ಇದೆಯಾ, ಹಾಗಾದರೆ ಇದೇ ಸರಿ. ವೆಚ್ಚ ಸುಮಾರು ಐದು ಸಾವಿರ ರೂಪಾಯಿಯ ಆಸುಪಾಸು. ಸೀಸನ್ ನೋಡಿಕೊಂಡು ಏರಿಳಿಯುತ್ತದೆ.

ಓಪನ್ ವಾಟರ್ ಕೋರ್ಸ್‌ಗೆ ಮೂರರಿಂದ ನಾಲ್ಕು ದಿನ ಬೇಕು. ಪಾಡಿ ಮತ್ತು ಎಸ್‌ಎಸ್‌ಐ ಎಂಬ ಎರಡು ಸಂಸ್ಥೆಗಳ ಕೋರ್ಸ್‌ಗಳು ಅಲ್ಲಿ ಹೆಚ್ಚು. ಯಾವುದಾದರೂ ಆದೀತು, ಎರಡಕ್ಕೂ ಜಗತ್ತಿನೆಲ್ಲೆಡೆ ಮಾನ್ಯತೆ ಇದೆ. ಪಾಠ, ಆಳವಿಲ್ಲದ ನೀರಿನ ಅಭ್ಯಾಸ, ಸಮುದ್ರದಲ್ಲಿ ನಾಲ್ಕು ಡೈವ್. ಪಾಸಾದರೆ 18 ಮೀಟರ್‌ವರೆಗೆ ಜೊತೆಗಾರರೊಂದಿಗೆ ಇಳಿಯುವ ಅರ್ಹತೆ, ಜೀವನಪೂರ್ತಿ. ಇದಕ್ಕೆ ಈಜು ಬರಲೇಬೇಕು. ನಿಲ್ಲದೆ 200 ಮೀಟರ್ ಈಜಬೇಕು, ಹತ್ತು ನಿಮಿಷ ತೇಲಬೇಕು. ವೇಗದ ಲೆಕ್ಕ ಇಲ್ಲ. ಖರ್ಚು ಮೂವತ್ತು ಸಾವಿರದ ಆಸುಪಾಸು.

ಖರ್ಚು ನೋಡಿ ಹಿಂಜರಿಯುವವರಿಗೆ ಒಂದು ಮಾತು. ಟ್ರೈ ಡೈವ್‌ನಲ್ಲಿ ನಿಮ್ಮ ಅರ್ಧ ಗಮನ ಉಸಿರಿನ ಮೇಲೆ, ಇನ್ನರ್ಧ ಕಿವಿಯ ಮೇಲೆ ಇರುತ್ತದೆ. ಸಮುದ್ರ ಕಣ್ಣಿಗೆ ಬೀಳುವ ಹೊತ್ತಿಗೆ ಮೇಲೆ ಬರುವ ಸಮಯ ಆಗಿರುತ್ತದೆ. ಕೋರ್ಸ್‌ನ ಮೂರನೇ ನಾಲ್ಕನೇ ಡೈವ್ ಹೊತ್ತಿಗೆ ದೇಹ ತಾನೇ ತಾನಾಗಿ ನೀರಿನಲ್ಲಿ ನಿಲ್ಲತೊಡಗುತ್ತದೆ. ಕೈಕಾಲು ಬಡಿಯುವುದು ನಿಲ್ಲುತ್ತದೆ. ಮೀನುಗಳು ಹತ್ತಿರ ಬರುವುದು ಆಗಲೇ. ಈಜು ಬಂದು, ನಾಲ್ಕು ದಿನ ಇದ್ದರೆ ಕೋರ್ಸ್ ಮಾಡಿ. ಇದರಲ್ಲಿ ನನಗೆ ಎರಡು ಮಾತಿಲ್ಲ.

ಹತ್ತು ವರ್ಷ ತುಂಬಿದ ಮಕ್ಕಳೂ ಕಲಿಯಬಹುದು. ಆದರೆ ಚಿಕ್ಕವರಿಗೆ ಆಳದ ಮಿತಿ ಕಡಿಮೆ, ದೊಡ್ಡವರು ಜೊತೆಗಿರಲೇಬೇಕು.

ಊರಲ್ಲೇ ಮುಗಿಸಬೇಕಾದ ಕೆಲಸ

ಆರೋಗ್ಯದ ಪ್ರಶ್ನಾವಳಿ ಒಂದಿದೆ. ಎಲ್ಲ ಶಾಪ್‌ಗಳೂ ತುಂಬಿಸುತ್ತವೆ. ಆಸ್ತಮಾ, ಹೃದಯದ ತೊಂದರೆ, ಫಿಟ್ಸ್, ಕಿವಿಯ ಆಪರೇಷನ್, ಇತ್ತೀಚಿನ ಶಸ್ತ್ರಚಿಕಿತ್ಸೆ, ಬಿಪಿ, ಸಕ್ಕರೆ ಕಾಯಿಲೆ, ಇವುಗಳಲ್ಲಿ ಯಾವುದಕ್ಕಾದರೂ ಹೌದು ಅಂದರೆ ಡಾಕ್ಟರ್ ಸಹಿ ಬೇಕು. ಇದನ್ನು ಹ್ಯಾವ್‌ಲಾಕ್‌ಗೆ ಹೋದ ಮೇಲೆ ಹುಡುಕಲು ಆಗುವುದಿಲ್ಲ. ಫಾರ್ಮ್ ಮೊದಲೇ ಶಾಪ್‌ನಿಂದ ತರಿಸಿಕೊಂಡು ನಿಮ್ಮ ಡಾಕ್ಟರ್ ಹತ್ತಿರ ಹೋಗಿ. ಸುಮ್ನೆ ಎಲ್ಲದಕ್ಕೂ ಇಲ್ಲ ಅಂತ ಗುರುತು ಹಾಕುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಮೇಲೆ ಏರುವಾಗ ಗಾಳಿ ಹಿಗ್ಗುತ್ತದೆ. ಆಸ್ತಮಾದಿಂದ ಶ್ವಾಸಕೋಶದ ಯಾವುದೋ ಮೂಲೆಯಲ್ಲಿ ಅದು ಸಿಕ್ಕಿಕೊಂಡರೆ ಜೀವಕ್ಕೇ ಕುತ್ತು. ಗರ್ಭಿಣಿಯರು ಡೈವ್ ಮಾಡಬಾರದು. ಮುಟ್ಟಿನ ದಿನಗಳಲ್ಲಿ ಮಾಡಬಹುದು, ಶಾರ್ಕ್ ಬರುತ್ತದೆ ಅನ್ನುವುದು ಕಟ್ಟುಕತೆ.

ಕನ್ನಡಕ ಹಾಕುವವರು ಶಾಪ್‌ನವರಿಗೆ ಪವರ್ ತಿಳಿಸಿ, ಪವರ್ ಇರುವ ಮಾಸ್ಕ್ ಇದೆಯಾ ಕೇಳಿ. ಮೆದು ಕಾಂಟ್ಯಾಕ್ಟ್ ಲೆನ್ಸ್ ಹಾಕಿಕೊಂಡೂ ಇಳಿಯಬಹುದು.

ರಜೆ ಕಡಿಮೆ ಇರುವವರಿಗೆ ಒಂದು ಒಳ್ಳೆಯ ದಾರಿ ಇದೆ. ಕೋರ್ಸ್‌ನ ಪಾಠವನ್ನು ಆನ್‌ಲೈನ್‌ನಲ್ಲಿ ಓದಬಹುದು. ಬೆಂಗಳೂರಿನ ಕೆಲವು ಡೈವಿಂಗ್ ಶಾಲೆಗಳು ಈಜುಕೊಳದ ಅಭ್ಯಾಸವನ್ನು ವಾರಾಂತ್ಯದಲ್ಲಿ ಮಾಡಿಸುತ್ತವೆ. ಆ ಭಾಗ ಮುಗಿಸಿದ ಪತ್ರ ಕೊಡುತ್ತಾರೆ, ಅದನ್ನು ರೆಫರಲ್ ಅನ್ನುತ್ತಾರೆ. ಅದನ್ನು ತೋರಿಸಿದರೆ ಅಂಡಮಾನ್‌ನಲ್ಲಿ ಸಮುದ್ರದ ನಾಲ್ಕು ಡೈವ್ ಮಾತ್ರ ಬಾಕಿ. ಎರಡು ದಿನದಲ್ಲಿ ಮುಗಿಯುತ್ತದೆ. ಹೊರಡುವ ಮುಂಚೆ ಎರಡೂ ಕಡೆಯವರ ಜೊತೆ ಮಾತಾಡಿ ಖಚಿತಪಡಿಸಿಕೊಳ್ಳಿ.

ವಿಮೆಯ ವಿಷಯ. ಸಾಮಾನ್ಯ ಪ್ರವಾಸ ವಿಮೆಯಲ್ಲಿ ಸ್ಕೂಬಾ ಹೆಚ್ಚಾಗಿ ಸೇರಿರುವುದಿಲ್ಲ. ಡೈವರ್‌ಗಳಿಗೆಂದೇ ಇರುವ ವಿಮೆ ಸಿಗುತ್ತದೆ. ಕೋರ್ಸ್ ಮಾಡುವವರು ತಗೊಳ್ಳಿ.

ದಿನಗಳ ಲೆಕ್ಕ

ಕ್ರಮ ತಿರುಗಿಸಿ ಅಂತ ಮೊದಲೇ ಹೇಳಿದ್ದಕ್ಕೆ ಕಾರಣ ಇಲ್ಲಿದೆ. ಆಳದಲ್ಲಿ ಉಸಿರಾಡುವಾಗ ಒತ್ತಡಕ್ಕೆ ನೈಟ್ರೋಜನ್ ದೇಹದೊಳಗೆ ಕರಗುತ್ತದೆ. ಮೇಲೆ ಬಂದ ಮೇಲೆ ನಿಧಾನವಾಗಿ ಹೊರಗೆ ಹೋಗುತ್ತದೆ. ಅದು ಹೋಗುವ ಮುಂಚೆ ವಿಮಾನ ಹತ್ತಿದರೆ ಕ್ಯಾಬಿನ್‌ನ ಕಡಿಮೆ ಒತ್ತಡಕ್ಕೆ ಅದೇ ಅನಿಲ ರಕ್ತದಲ್ಲಿ, ಕೀಲುಗಳಲ್ಲಿ ಗುಳ್ಳೆಯಾಗಬಹುದು. ಒಂದೇ ಡೈವ್ ಆಗಿದ್ದರೆ ಕನಿಷ್ಠ 12 ಗಂಟೆ ಕಾಯಬೇಕು. ಹಲವು ಡೈವ್ ಅಥವಾ ಹಲವು ದಿನ ಆಗಿದ್ದರೆ 18 ಗಂಟೆ. ನಾನು 24 ಗಂಟೆ ಬಿಡಿ ಅನ್ನುತ್ತೇನೆ. ಹ್ಯಾವ್‌ಲಾಕ್‌ನಿಂದ ಹೆಲಿಕಾಪ್ಟರ್ ಹತ್ತುವುದೂ ಇದೇ ಲೆಕ್ಕಕ್ಕೆ ಸೇರುತ್ತದೆ. ಫೆರ್ರಿಗೆ ಏನೂ ಅಡ್ಡಿಯಿಲ್ಲ.

ಹಾಗಾಗಿ ವಾರದ ಪ್ರವಾಸ ಹೀಗೆ ಇಟ್ಟುಕೊಳ್ಳಿ. ಮೊದಲ ದಿನ ಬೆಳಗಿನ ವಿಮಾನ, ಮಧ್ಯಾಹ್ನದ ಫೆರ್ರಿ ಹಿಡಿದು ಸೀದಾ ಹ್ಯಾವ್‌ಲಾಕ್. ವಿಮಾನ ತಡವಾದರೆ ಫೆರ್ರಿ ತಪ್ಪುತ್ತದೆ, ಆದ್ದರಿಂದ ನಡುವೆ ಮೂರು ಗಂಟೆಯಾದರೂ ಬಿಡಿ. ಎರಡರಿಂದ ಐದನೇ ದಿನ ಡೈವಿಂಗ್. ಆರನೇ ದಿನ ಪೋರ್ಟ್ ಬ್ಲೇರ್‌ಗೆ ವಾಪಸ್, ಸೆಲ್ಯುಲಾರ್ ಜೈಲು ಸಮಾಧಾನವಾಗಿ ನೋಡಿ. ಏಳನೇ ದಿನ ವಿಮಾನ. ಜೈಲಿಗೆ ಅರ್ಧ ದಿನವಾದರೂ ಕೊಡಲೇಬೇಕು, ಅದು ಗಡಿಬಿಡಿಯಲ್ಲಿ ನೋಡುವ ಜಾಗ ಅಲ್ಲ.

ಅಂಡಮಾನ್‌ನಲ್ಲಿ ಬೆಳಕು ಬೇಗ ಹರಿಯುತ್ತದೆ. ಐದು ಗಂಟೆಗೇ ಸೂರ್ಯ, ಸಂಜೆ ಐದೂವರೆಗೆ ಕತ್ತಲು. ಡೈವ್ ದೋಣಿಗಳು ಆರು, ಏಳು ಗಂಟೆಗೆ ಹೊರಡುತ್ತವೆ. ರಾತ್ರಿ ಬೇಗ ಮಲಗಿ.

ನಗದು ಇಟ್ಟುಕೊಂಡು ಹೋಗಿ. ಹ್ಯಾವ್‌ಲಾಕ್‌ನಲ್ಲಿ ಎಟಿಎಂ ಬೆರಳೆಣಿಕೆಯಷ್ಟು. 2020ರಲ್ಲಿ ಚೆನ್ನೈನಿಂದ ಸಮುದ್ರದಡಿಯ ಕೇಬಲ್ ಬಂದ ಮೇಲೆ ಇಂಟರ್ನೆಟ್ ಎಷ್ಟೋ ಸುಧಾರಿಸಿದೆ, ಆದರೂ ಎಲ್ಲ ಕಡೆ ನೆಟ್‌ವರ್ಕ್ ಸಿಗುತ್ತದೆ ಅಂತ ನಂಬಿ ಕೂರಬೇಡಿ. ಊಟದ ಚಿಂತೆ ಬೇಡ. ಪೂರ್ವ ಬಂಗಾಳದಿಂದ ಬಂದು ನೆಲೆಸಿದ ಕುಟುಂಬಗಳ ಊರು ಅದು. ಅನ್ನ, ಬೇಳೆ, ಪಲ್ಯ ಎಲ್ಲ ಕಡೆ ಸಿಗುತ್ತದೆ, ಸಸ್ಯಾಹಾರಿಗಳಿಗೆ ತೊಂದರೆಯಿಲ್ಲ.

ಡೈವ್ ಶಾಪ್ ಆರಿಸುವಾಗ ಏನು ಕೇಳಬೇಕು

ಹೋಟೆಲ್‌ನವರು, ಟ್ಯಾಕ್ಸಿಯವರು ಹೇಳಿದ ಕಡೆ ಹೋಗಬೇಡಿ. ಫೋನ್ ಮಾಡಿ ನೀವೇ ಮಾತಾಡಿ. ಇನ್‌ಸ್ಟ್ರಕ್ಟರ್‌ಗೆ ಎಷ್ಟು ಜನ ವಿದ್ಯಾರ್ಥಿಗಳು ಅಂತ ಕೇಳಿ. ಟ್ರೈ ಡೈವ್ ಆದರೆ ಒಬ್ಬರಿಗೆ ಒಬ್ಬರೇ ಇರಬೇಕು. ಕೋರ್ಸ್ ಆದರೆ ನಾಲ್ಕಕ್ಕಿಂತ ಹೆಚ್ಚು ಬೇಡ. ದೋಣಿಯಲ್ಲಿ ತುರ್ತು ಆಮ್ಲಜನಕದ ಕಿಟ್ ಇದೆಯಾ ಕೇಳಿ. ಯಾವ ಭಾಷೆಯಲ್ಲಿ ಕಲಿಸುತ್ತಾರೆ ಅನ್ನುವುದೂ ಮುಖ್ಯ. ಹಿಂದಿ, ಇಂಗ್ಲಿಷ್ ಎಲ್ಲ ಕಡೆ ಇದೆ. ಕನ್ನಡ ಬಲ್ಲವರೂ ಒಮ್ಮೊಮ್ಮೆ ಸಿಗುತ್ತಾರೆ, ಕೇಳಿ ನೋಡಿ. ಗಾಬರಿಯಾದ ಹೊತ್ತಿಗೆ ನಮ್ಮ ಭಾಷೆಯಲ್ಲಿ ಒಂದು ಮಾತು ಕೇಳಿದರೆ ಎಷ್ಟು ಧೈರ್ಯ ಬರುತ್ತದೆ ಅಲ್ವಾ?

ಅವರು ಎಲ್ಲದಕ್ಕೂ ಹೂಂ ಅಂದರೆ ಅನುಮಾನ ಪಡಿ. "ಶೀತ ಇದೆ, ಪರವಾಗಿಲ್ವಾ?" ಅಂತ ಕೇಳಿ. ಪರವಾಗಿಲ್ಲ ಬನ್ನಿ ಅನ್ನುವ ಶಾಪ್ ಬಿಟ್ಟುಬಿಡಿ. ಮೂಗು ಕಟ್ಟಿದ್ದಾಗ ಕಿವಿಯ ಒತ್ತಡ ಸರಿಯಾಗುವುದಿಲ್ಲ, ಕಿವಿಯ ಪರದೆಗೇ ಏಟು ಬೀಳಬಹುದು.

ನೀರಿಗೆ ಇಳಿಯುವ ಬೆಳಿಗ್ಗೆ

ಹೊಟ್ಟೆ ಖಾಲಿ ಬೇಡ, ತುಂಬಿರುವುದೂ ಬೇಡ. ದೋಣಿಯಲ್ಲಿ ವಾಂತಿ ಬರುವವರು ಡಾಕ್ಟರ್ ಹೇಳಿದ ಮಾತ್ರೆಯನ್ನು ಒಂದು ಗಂಟೆ ಮುಂಚೆ ತಗೊಳ್ಳಿ. ದೋಣಿಯಲ್ಲಿ ಡೀಸೆಲ್ ಹೊಗೆಯಿಂದ ದೂರ ಕೂತು ದಿಗಂತ ನೋಡುತ್ತಿರಿ. ಮೈಗೆ ಸನ್‌ಸ್ಕ್ರೀನ್ ಬಳಿಯುವ ಬದಲು ಉದ್ದ ತೋಳಿನ ಈಜುಡುಪು ಹಾಕಿ, ಹವಳಕ್ಕೂ ಒಳ್ಳೆಯದು. ಹಿಂದಿನ ರಾತ್ರಿ ಮದ್ಯ ಬೇಡವೇ ಬೇಡ.

ಬೆನ್ನಿಗೆ ಕಟ್ಟುವುದು ಆಕ್ಸಿಜನ್ ಸಿಲಿಂಡರ್ ಅಲ್ಲ. ನಾವು ಈಗ ಉಸಿರಾಡುತ್ತಿರುವ ಗಾಳಿಯನ್ನೇ ಸೋಸಿ, 200 ಬಾರ್ ಒತ್ತಡದಲ್ಲಿ ತುಂಬಿರುತ್ತಾರೆ. ಅದು ಬಾಯಿಗೆ ಬರುವುದು ರೆಗ್ಯುಲೇಟರ್ ಮೂಲಕ. ಎಳೆದರೆ ಮಾತ್ರ ಗಾಳಿ ಬರುತ್ತದೆ. ಮೈಮೇಲಿನ ಜಾಕೆಟ್‌ಗೆ ಬಿಸಿಡಿ ಅನ್ನುತ್ತಾರೆ. ಅದಕ್ಕೆ ಗಾಳಿ ತುಂಬಿದರೆ ತೇಲುತ್ತೀರಿ, ಬಿಟ್ಟರೆ ಇಳಿಯುತ್ತೀರಿ. ಮಾಸ್ಕ್ ಗಾಜಿಗೆ ಮಂಜು ಕಟ್ಟದಿರಲು ಒಳಗೆ ಉಗುಳಿ ಬೆರಳಿನಿಂದ ಉಜ್ಜಿ, ಸಮುದ್ರದ ನೀರಿನಲ್ಲಿ ಒಮ್ಮೆ ಅದ್ದಿ ತೆಗೆಯುತ್ತಾರೆ. ಮುಜುಗರ ಬೇಡ, ಎಲ್ಲರೂ ಮಾಡುವುದು ಅದನ್ನೇ.

ಇಳಿಯತೊಡಗಿದ ಕೂಡಲೇ ಕೆಲಸ ಒಂದೇ, ಕಿವಿ. ಮೂಗು ಹಿಡಿದು, ಬಾಯಿ ಮುಚ್ಚಿ, ಮೆತ್ತಗೆ ಊದಿ. ಕಿವಿಯಲ್ಲಿ ಟಿಕ್ ಅಂದರೆ ಸರಿಯಾಯಿತು. ನೋವು ಬರುವ ತನಕ ಕಾಯಬೇಡಿ, ಪ್ರತಿ ಅರ್ಧ ಮೀಟರ್‌ಗೂ ಮಾಡಿ. ಮೊದಲ ಹತ್ತು ಮೀಟರ್‌ನಲ್ಲಿ ಒತ್ತಡ ಎರಡು ಪಟ್ಟಾಗುತ್ತದೆ, ಆದ್ದರಿಂದ ಕಿವಿಗೆ ಕಷ್ಟವೆಲ್ಲ ಅಲ್ಲೇ. ತೆರೆಯದಿದ್ದರೆ ಒಂದು ಮೀಟರ್ ಮೇಲೆ ಹೋಗಿ ಮತ್ತೆ ಪ್ರಯತ್ನಿಸಿ. ಆಗಲೂ ಆಗಲಿಲ್ಲ ಅಂದರೆ ಆ ದಿನ ಬಿಟ್ಟುಬಿಡಿ.

ಎಂದೂ ಉಸಿರು ಕಟ್ಟಬೇಡಿ. ಇದು ಸ್ಕೂಬಾದ ಮೊದಲ ನಿಯಮ. ಹತ್ತು ಮೀಟರ್ ಆಳದಲ್ಲಿ ತುಂಬಿಕೊಂಡ ಉಸಿರು ಮೇಲೆ ಬರುವಾಗ ಎರಡು ಪಟ್ಟು ಹಿಗ್ಗುತ್ತದೆ, ಕಟ್ಟಿದರೆ ಶ್ವಾಸಕೋಶ ಹರಿಯಬಹುದು. ನಿಧಾನವಾಗಿ, ಉದ್ದವಾಗಿ, ನಿಲ್ಲಿಸದೆ ಉಸಿರಾಡಿ.

ಕೈಸನ್ನೆಗಳಲ್ಲಿ ನಮ್ಮವರು ತಡವರಿಸುವುದು ಹೆಬ್ಬೆರಳಿನ ವಿಷಯದಲ್ಲಿ. ಹೆಬ್ಬೆರಳು ಮೇಲೆ ತೋರಿಸಿದರೆ ಮೇಲಕ್ಕೆ ಹೋಗೋಣ ಅಂತ ಅರ್ಥ. ಖುಷಿಯಲ್ಲಿ ಸೂಪರ್ ಅಂತ ತೋರಿಸಿದರೆ ಇನ್‌ಸ್ಟ್ರಕ್ಟರ್ ನಿಮ್ಮನ್ನು ಮೇಲೆ ಕರೆದೊಯ್ಯುತ್ತಾರೆ. ಎಲ್ಲ ಸರಿ ಅನ್ನಲು ಹೆಬ್ಬೆರಳು ತೋರುಬೆರಳು ಸೇರಿಸಿ ಉಂಗುರ ಮಾಡಿ. ತೊಂದರೆ ಇದ್ದರೆ ಅಂಗೈ ಅಲ್ಲಾಡಿಸಿ, ತೊಂದರೆ ಇರುವ ಜಾಗ ತೋರಿಸಿ.

ಮೇಲೆ ಬರುವಾಗ ಅವಸರ ಬೇಡ. ನಿಮಿಷಕ್ಕೆ ಒಂಬತ್ತು ಮೀಟರ್‌ಗಿಂತ ನಿಧಾನ. ಐದು ಮೀಟರ್‌ನಲ್ಲಿ ಮೂರು ನಿಮಿಷ ನಿಲ್ಲಬೇಕು. ಟ್ಯಾಂಕ್‌ನಲ್ಲಿ 50 ಬಾರ್ ಉಳಿದಿರುವಾಗ ದೋಣಿಯಲ್ಲಿರಬೇಕು. ಡೈವ್ ಆದ ಮೇಲೆ ಕೀಲುನೋವು, ಜೋಮು, ವಿಪರೀತ ಸುಸ್ತು ಬಂದರೆ ಸಾಮಾನ್ಯ ಆಯಾಸ ಅಂತ ಮಲಗಬೇಡಿ, ತಕ್ಷಣ ಇನ್‌ಸ್ಟ್ರಕ್ಟರ್‌ಗೆ ಹೇಳಿ. ಇಂಥ ತೊಂದರೆಗೆ ಬೇಕಾದ ಒತ್ತಡದ ಕೋಣೆ ಪೋರ್ಟ್ ಬ್ಲೇರ್‌ನ ನೌಕಾಪಡೆಯ ಆಸ್ಪತ್ರೆಯಲ್ಲಿದೆ.

ಯಾವ ಜಾಗ ಯಾರಿಗೆ

ಮೊದಲ ಡೈವ್‌ಗೆ ನೀಮೋ ರೀಫ್. ಹ್ಯಾವ್‌ಲಾಕ್ ತೀರದಿಂದ ನಡೆದೇ ನೀರಿಗೆ ಇಳಿಯಬಹುದು. ಮರಳಿನ ತಳ ನಿಧಾನವಾಗಿ ಇಳಿಯುತ್ತ ಹೋಗುತ್ತದೆ. ಫೋಟೋಗಳಲ್ಲಿ ಕಾಣುವ ಬಣ್ಣ ಇಲ್ಲಿ ಸಿಗದೆ ನಿರಾಸೆ ಪಡುವವರಿದ್ದಾರೆ. ಕಾರಣ ಎರಡು. ನೀರು ಮೊದಲು ಕೆಂಪನ್ನೇ ನುಂಗುತ್ತದೆ, ಐದಾರು ಮೀಟರ್ ದಾಟಿದರೆ ಟಾರ್ಚ್ ಇಲ್ಲದೆ ಕೆಂಪು ಕಾಣುವುದಿಲ್ಲ. ಇನ್ನೊಂದು ನೋವಿನ ವಿಷಯ. 2010ರ ಬೇಸಿಗೆಯಲ್ಲಿ ನೀರು ಕಾದು ಅಂಡಮಾನ್‌ನ ಹವಳಗಳು ದೊಡ್ಡ ಪ್ರಮಾಣದಲ್ಲಿ ಬಿಳಿಚಿಕೊಂಡವು. 2016ರಲ್ಲಿ ಮತ್ತೆ ಆಯಿತು. ಆಳ ಕಡಿಮೆ ಇರುವ ಕಡೆ ಕವಲೊಡೆದ ಹವಳಗಳು ಸತ್ತು ಬೂದು ಬಣ್ಣದ ಚೂರುಗಳಾಗಿ ಬಿದ್ದಿವೆ. ಅವುಗಳ ನಡುವೆ ಹೊಸ ಹವಳ ಚಿಗುರುತ್ತಿರುವುದೂ ಕಾಣುತ್ತದೆ, ಅಂಗೈಯಷ್ಟು ಅಗಲ. ಅದನ್ನು ನೋಡಿದಾಗ ಆಗುವ ಸಂತೋಷ ದೊಡ್ಡದು.

ನೀಮೋ ರೀಫ್‌ನಲ್ಲಿ ಒಂದು ಕಡಲಹೂವಿನ (ಸೀ ಅನೆಮೋನ್ ಎಂಬ ಜೀವಿ) ಮುಂದೆ ಸುಮ್ಮನೆ ನಿಂತುಬಿಡಿ. ಕಿತ್ತಳೆ ಬಣ್ಣದ ಮೀನುಗಳು ಅದರ ತೆನೆಗಳೊಳಗೆ ಹೊಕ್ಕು ಹೊರಡುತ್ತಿರುತ್ತವೆ. ಬೇರೆ ಮೀನಿಗೆ ಆ ತೆನೆ ಕುಟುಕುತ್ತದೆ, ಇವುಗಳಿಗೆ ಮೈಮೇಲಿನ ಲೋಳೆಯ ರಕ್ಷಣೆ. ಗುಂಪಿನಲ್ಲಿ ದೊಡ್ಡದು ಹೆಣ್ಣು. ಅದೇ ಯಜಮಾನತಿ. ಅದು ಸತ್ತರೆ ಮುಖ್ಯ ಗಂಡು ಹೆಣ್ಣಾಗಿ ಬದಲಾಗುತ್ತದೆ. ಬೆರಳುದ್ದದ ಆ ಮೀನು ನಿಮ್ಮ ಮಾಸ್ಕ್‌ಗೇ ಬಂದು ಗುದ್ದುತ್ತದೆ. ಬುಡದ ಬಂಡೆಗೆ ಅಂಟಿದ ಮೊಟ್ಟೆಗಳಿದ್ದರೆ ಇನ್ನೂ ಜೋರು. ಅಲ್ಲಿಂದ ಹಿಂದೆ ಸರಿಯಿರಿ.

ಕೋರ್ಸ್‌ನ ಕೊನೆಯ ಡೈವ್‌ಗಳಿಗೆ ಲೈಟ್‌ಹೌಸ್ ಮತ್ತು ಅಕ್ವೇರಿಯಂ ಚೆನ್ನ. ಎರಡಕ್ಕೂ ದೋಣಿಯಲ್ಲಿ ಹೋಗಬೇಕು. ಆಳ ಕಡಿಮೆಯಿಂದ ಶುರುವಾಗಿ ಇಳಿಜಾರಾಗಿ ಸಾಗುತ್ತದೆ, ನೀರಿನ ಸೆಳೆತ ಸಾಮಾನ್ಯವಾಗಿ ಕಡಿಮೆ. ಲೈಟ್‌ಹೌಸ್‌ನಲ್ಲಿ ರಾತ್ರಿ ಡೈವ್ ಕೂಡ ಮಾಡಿಸುತ್ತಾರೆ. ಹಗಲು ಬಂಡೆಯಡಿ ಅಡಗಿದ್ದ ಏಡಿ, ಆಕ್ಟೋಪಸ್ ರಾತ್ರಿ ಬೇಟೆಗೆ ಹೊರಡುತ್ತವೆ. ಟಾರ್ಚ್ ಬೆಳಕಿನಲ್ಲಿ ಹವಳದ ನಿಜವಾದ ಬಣ್ಣ ಕಾಣುತ್ತದೆ. ಕಲಿತವರು ಇದನ್ನು ಬಿಡಬಾರದು.

ದಿ ವಾಲ್ ಇರುವುದು ಜೆಟ್ಟಿಗೆ ಹತ್ತಿರದಲ್ಲೇ. ಹತ್ತು ಹನ್ನೆರಡು ಮೀಟರ್‌ನಲ್ಲಿ ಬಂಡೆಯ ಅಂಚು, ಅಲ್ಲಿಂದ ಗೋಡೆ 50 ಮೀಟರ್ ದಾಟಿ ಇಳಿಯುತ್ತದೆ. ಓಪನ್ ವಾಟರ್ ಮುಗಿಸಿದವರು ಮೇಲಿನ ಭಾಗದಲ್ಲಿ ಇರಬಹುದು. ಆದರೆ ಆಳದ ಮೀಟರ್ ಕಡೆ ಪದೇ ಪದೇ ನೋಡಿ. ತಳ ಕಾಣದ ಕಡೆ ಎಷ್ಟು ಇಳಿದೆವು ಅನ್ನುವುದು ಗೊತ್ತೇ ಆಗುವುದಿಲ್ಲ. ಗೋಡೆಯ ಮೇಲೆ ಮೆದು ಹವಳ, ಸಿಂಹಮೀನು, ಬಂಡೆಯ ಬಣ್ಣಕ್ಕೇ ತಿರುಗಿ ಕೂತ ಚೇಳುಮೀನು ಇರುತ್ತವೆ. ಏನನ್ನೂ ಮುಟ್ಟದಿರಲು ಇದೊಂದೇ ಕಾರಣ ಸಾಕು.

ಇನ್ನು ಹೆಸರಾದ ಎರಡು ಜಾಗ: ಜಾನೀಸ್ ಗಾರ್ಜ್, ಡಿಕ್ಸನ್ಸ್ ಪಿನಾಕಲ್. ಇವಕ್ಕಿಟ್ಟಿರುವುದು ಕರೆನ್ ಸಮುದಾಯದ ಡೈವರ್‌ಗಳ ಹೆಸರು. ಬ್ರಿಟಿಷರ ಕಾಲದಲ್ಲಿ, 1920ರ ದಶಕದಲ್ಲಿ ಬರ್ಮಾದಿಂದ ಬಂದು ಮಾಯಾಬಂದರ್ ಕಡೆ ನೆಲೆಸಿದ ಜನ ಇವರು. ಅಂಡಮಾನ್ ಡೈವಿಂಗ್‌ಗೆ ದಾರಿ ತೋರಿಸಿದವರಲ್ಲಿ ಇವರ ಪಾಲು ದೊಡ್ಡದು.

ಡಿಕ್ಸನ್ಸ್‌ನಲ್ಲಿ ಮೂರು ಬಂಡೆ ಶಿಖರಗಳಿವೆ, ನೆತ್ತಿಯೇ ಸುಮಾರು 18 ಮೀಟರ್ ಆಳದಲ್ಲಿದೆ. ಜಾನೀಸ್ ಗಾರ್ಜ್‌ನ ತಳ 30 ಮೀಟರ್‌ನ ಆಸುಪಾಸು. ಅಲ್ಲಿ ಮರಳಿನ ಮೇಲೆ ಬಿಳಿತುದಿ ಶಾರ್ಕ್ ಮಲಗಿರುವುದು, ಬ್ಯಾರಕುಡಾ ಮೀನುಗಳ ಹಿಂಡು ಸುತ್ತುವುದು, ಸ್ನ್ಯಾಪರ್‌ಗಳ ದಟ್ಟ ಗುಂಪು ಕಾಣಸಿಗುತ್ತವೆ. ಬಂಡೆಯ ಹಿಂದೆ ಮರೆಯಾಗಿ ಸೆಳೆತ ತಪ್ಪಿಸಿಕೊಂಡು ಕಾದರೆ ಅವೇ ಹತ್ತಿರ ಬರುತ್ತವೆ.

ಇವೆರಡೂ ಓಪನ್ ವಾಟರ್ ಆದ ಮೇಲಿನ ಅಡ್ವಾನ್ಸ್‌ಡ್ ಕೋರ್ಸ್ ಮುಗಿಸಿದವರಿಗೆ ಮಾತ್ರ. 30 ಮೀಟರ್‌ನಲ್ಲಿ ಒತ್ತಡ ನೆಲದ ನಾಲ್ಕು ಪಟ್ಟು. ಅಂದರೆ ಟ್ಯಾಂಕ್ ನಾಲ್ಕು ಪಟ್ಟು ಬೇಗ ಖಾಲಿಯಾಗುತ್ತದೆ. ದೇಹದಲ್ಲಿ ಕರಗುವ ನೈಟ್ರೋಜನ್ ಅತಿಯಾಗದಿರಲು 18 ಮೀಟರ್‌ನಲ್ಲಿ ಮೊದಲ ಡೈವ್‌ಗೆ 56 ನಿಮಿಷದ ಮಿತಿ ಕೊಡುವ ಪಾಡಿ ಪಟ್ಟಿ, 30 ಮೀಟರ್‌ನಲ್ಲಿ ಕೊಡುವುದು 20 ನಿಮಿಷ. ಸೆಳೆತವೂ ಬಲವಾಗಿರಬಹುದು. ಓಪನ್ ವಾಟರ್ ಕಾರ್ಡ್ ಇಟ್ಟುಕೊಂಡು ಅಲ್ಲಿಗೆ ಕರೆದುಕೊಂಡು ಹೋಗಿ ಅಂತ ಶಾಪ್‌ನವರನ್ನು ಒತ್ತಾಯಿಸಬೇಡಿ. ಇನ್ನೆರಡು ದಿನ ಉಳಿದು ಅಡ್ವಾನ್ಸ್‌ಡ್ ಮಾಡಿ. ಐದು ಡೈವ್‌ಗಳ ಕೋರ್ಸ್ ಅದು, ಅದರ ಆಳದ ಡೈವ್ ಅನ್ನೇ ಇಂಥ ಕಡೆ ಇಟ್ಟುಕೊಳ್ಳಬಹುದು.

ನೀಲ್‌ನಲ್ಲಿ ಬಸ್ ಸ್ಟಾಪ್, ಮಾರ್ಗರೀಟಾಸ್ ಮಿಸ್ಚೀಫ್, ಜಂಕ್ಷನ್ ಎಂಬ ಜಾಗಗಳಿವೆ. ಜಂಕ್ಷನ್ ಅನುಭವಿಗಳಿಗೆ. ಅಂಡಮಾನ್‌ನ ರಾಜ್ಯ ಪ್ರಾಣಿ ಕಡಲಹಸು (ಡುಗಾಂಗ್) ನೀಲ್ ಸುತ್ತಲಿನ ಕಡಲ ಹುಲ್ಲು ಮೇಯಲು ಬರುತ್ತದೆ. ಕಂಡರೆ ನಿಮ್ಮ ಭಾಗ್ಯ, ಅದನ್ನೇ ನಂಬಿ ಹೋಗಬೇಡಿ.

ಹಡಗಿನ ಅವಶೇಷ ನೋಡುವ ಆಸೆ ಇದ್ದವರಿಗೆ ಚಿಡಿಯಾ ಟಾಪು. ಅಲ್ಲಿನ ಶಾಪ್‌ಗಳು ಇಂಚ್‌ಕೆಟ್ ಎಂಬ ಹಳೆಯ ಸರಕು ಹಡಗಿನ ಅವಶೇಷಕ್ಕೆ ಕರೆದೊಯ್ಯುತ್ತವೆ. 20 ಮೀಟರ್‌ಗಿಂತ ಕಡಿಮೆ ಆಳ, ಹಡಗಿನ ತುಂಬ ಹವಳ, ಮೀನು. ಕೊನೆಯ ದಿನಗಳನ್ನು ಪೋರ್ಟ್ ಬ್ಲೇರ್‌ನಲ್ಲೇ ಕಳೆಯುವವರು ನೋಡಬಹುದು, ವಿಮಾನದ ಲೆಕ್ಕ ಮರೆಯಬೇಡಿ.

ಬ್ಯಾರನ್ ದ್ವೀಪ ಬೇರೆಯದೇ ಮಾತು. ದಕ್ಷಿಣ ಏಷ್ಯಾದ ಏಕೈಕ ಜೀವಂತ ಜ್ವಾಲಾಮುಖಿ, ಪೋರ್ಟ್ ಬ್ಲೇರ್‌ನಿಂದ ಸುಮಾರು 140 ಕಿ.ಮೀ. ದೂರ. ದ್ವೀಪದ ಮೇಲೆ ಇಳಿಯುವಂತಿಲ್ಲ. ಸುತ್ತ ಕಪ್ಪು ಮರಳಿನ ಇಳಿಜಾರು, ಗಾಜಿನಂಥ ನೀರು, ಮಾಂಟಾ ತೊರಕೆಗಳು. ಪರವಾನಗಿ ಪಡೆದ ದೋಣಿಯಲ್ಲಿ, ಸಮುದ್ರ ಶಾಂತ ಇರುವ ತಿಂಗಳಲ್ಲಿ ಮಾತ್ರ ಹೋಗಲು ಸಾಧ್ಯ. ಅನುಭವ ಗಳಿಸಿದ ಮೇಲೆ ಯೋಚಿಸಿ.

ನೀರೊಳಗೆ, ನೀರಿನ ಹೊರಗೆ

ಹವಳ ಕಲ್ಲಿನ ಥರ ಕಂಡರೂ ಜೀವ. ವರ್ಷಕ್ಕೆ ಬೆಳೆಯುವುದು ಕೆಲವೇ ಸೆಂಟಿಮೀಟರ್, ದಿಬ್ಬದಂಥ ಹವಳ ಅದಕ್ಕಿಂತಲೂ ಕಡಿಮೆ. ಕಾಲಿಗೆ ಹಾಕುವ ಫಿನ್ಸ್‌ನ ಒಂದು ಒದೆತಕ್ಕೆ ಎಷ್ಟೋ ವರ್ಷದ ಬೆಳವಣಿಗೆ ಮುರಿಯುತ್ತದೆ. ಮೊಣಕಾಲು ಮಡಚಿ, ಫಿನ್ಸ್ ಮೇಲಿಟ್ಟು ಈಜುವುದನ್ನು ಮೊದಲ ದಿನದಿಂದಲೇ ರೂಢಿಸಿಕೊಳ್ಳಿ. ತೇಲುವಿಕೆ ಹಿಡಿತಕ್ಕೆ ಬರುವ ತನಕ ಕ್ಯಾಮೆರಾ ಹಿಡಿಯಬೇಡಿ. ಕ್ಯಾಮೆರಾ ನೋಡುತ್ತ ಹವಳದ ಮೇಲೆ ಮಂಡಿಯೂರುವವರನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತದೆ. ಆಮೆಯ ಹಿಂದೆ ಓಡಬೇಡಿ, ಅದು ಉಸಿರಿಗೆ ಮೇಲೆ ಹೋಗಬೇಕು.

ತೀರದಲ್ಲಿ ಬಿದ್ದ ಸತ್ತ ಹವಳ, ಚಿಪ್ಪುಗಳನ್ನೂ ಚೀಲಕ್ಕೆ ಹಾಕಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಹವಳಕ್ಕೆ ರಕ್ಷಣೆ ಇದೆ, ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಸಿಕ್ಕಿಬೀಳುತ್ತೀರಿ. ಮಕ್ಕಳ ಜೇಬನ್ನೂ ನೋಡಿ.

ಅಂಡಮಾನ್‌ನ ಕೊಲ್ಲಿಗಳಲ್ಲಿ, ಮ್ಯಾಂಗ್ರೋವ್ ಕಾಡಿನ ಅಂಚಿನಲ್ಲಿ ಉಪ್ಪುನೀರಿನ ಮೊಸಳೆಗಳಿವೆ. ಎಚ್ಚರಿಕೆ ಫಲಕ ಇರುವ ಕಡೆ, ಸಂಜೆ ಮಬ್ಬಿನಲ್ಲಿ ನೀರಿಗೆ ಇಳಿಯಬೇಡಿ. ಡೈವ್ ಶಾಪ್‌ಗಳು ಹೋಗುವ ಜಾಗಗಳ ಬಗ್ಗೆ ಸ್ಥಳೀಯರಿಗೆ ಚೆನ್ನಾಗಿ ಗೊತ್ತಿರುತ್ತದೆ, ಅವರ ಮಾತು ಮೀರಬೇಡಿ.

ಊರಿಗೆ ಬಂದ ಮೇಲೆ

ಪ್ರತಿ ಡೈವ್‌ನ ಆಳ, ಸಮಯ, ಉಳಿದ ಗಾಳಿ, ಮುಳುಗಲೆಂದು ಸೊಂಟಕ್ಕೆ ಕಟ್ಟಿದ ಸೀಸದ ತೂಕ ಇವನ್ನು ಲಾಗ್ ಪುಸ್ತಕದಲ್ಲಿ ಅಂದೇ ಬರೆದಿಡಿ. ಮುಂದಿನ ಸಲ ಬೇರೆ ಕಡೆ ಹೋದಾಗ ಎಷ್ಟು ತೂಕ ಬೇಕು ಅಂತ ಹುಡುಕಾಡುವುದು ತಪ್ಪುತ್ತದೆ.

ಕಲಿತದ್ದು ಮರೆಯದಿರಲು ಅಂಡಮಾನ್‌ಗೇ ಹೋಗಬೇಕಿಲ್ಲ. ಮುರ್ಡೇಶ್ವರದಿಂದ ದೋಣಿಯಲ್ಲಿ ಒಂದು, ಒಂದೂವರೆ ಗಂಟೆ ದೂರದಲ್ಲಿ ನೇತ್ರಾಣಿ ದ್ವೀಪ ಇದೆ. ನೀರು ಅಂಡಮಾನ್‌ನಷ್ಟು ತಿಳಿ ಅಲ್ಲ. ಆದರೆ ಮೀನಿಗೆ ಬರ ಇಲ್ಲ, ಬೆಂಗಳೂರಿನಿಂದ ರಾತ್ರಿ ಬಸ್ಸು ಹತ್ತಿದರೆ ವಾರಾಂತ್ಯದಲ್ಲೇ ಮುಗಿಸಿ ಬರಬಹುದು. ಮಳೆಗಾಲ ಮುಗಿದು ಕಡಲು ತಣ್ಣಗಾದ ಮೇಲೆ, ನವೆಂಬರ್‌ನಿಂದ ಫೆಬ್ರವರಿ ನಡುವೆ ಹೋಗಿ. ಆರು ತಿಂಗಳಿಗಿಂತ ಹೆಚ್ಚು ಬಿಡುವಾಗಿದ್ದರೆ ಮೊದಲು ಒಂದು ರಿಫ್ರೆಶರ್ ಕೇಳಿ. ಅಡ್ವಾನ್ಸ್‌ಡ್ ಕೋರ್ಸ್ ಇನ್ನೂ ಮಾಡಿಲ್ಲದಿದ್ದರೆ ಅಲ್ಲೂ ಮಾಡಬಹುದು. ಆಗ ಮುಂದಿನ ಫೆಬ್ರವರಿಗೆ ಅಂಡಮಾನ್ ಟಿಕೆಟ್ ಬುಕ್ ಮಾಡುವಾಗ ಜಾನೀಸ್ ಗಾರ್ಜ್ ಬೇಕು ಅಂತ ಶಾಪ್‌ನವರಿಗೆ ನೀವೇ ಹೇಳಬಹುದು.